ಕಂಬದ ಪಟ್ಟು, ಪಟ್ಟಿನ ಹೆಸರು: ಸೊಲ್ಲಾಪುರ ಸೀಮೆಯ ಮಲ್ಲಕಂಬ ಮತ್ತು ಆನ್‌ಲೈನ್ ಪೋಲ್ ಡ್ಯಾನ್ಸ್ ಪಾಠಗಳು

ದಕ್ಷಿಣ ಸೊಲ್ಲಾಪುರ ತಾಲೂಕಿನ ಕಂದಲಗಾಂವದಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಈ ತಾಲೂಕಿನಲ್ಲೂ ಪಕ್ಕದ ಅಕ್ಕಲಕೋಟೆಯಲ್ಲೂ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಮೈಕಸರತ್ತಿನ ವಿಷಯಕ್ಕೆ ಬಂದರೆ ಮಾತ್ರ ಎರಡು ನುಡಿಗಳ ನಡುವಿನ ಗೆರೆ ಕಾಣುವುದಿಲ್ಲ. ತಾಲೀಮು, ವಸ್ತಾದ, ಪೈಲವಾನ, ಲಂಗೋಟಿ ಎಂಬ ಮಾತುಗಳನ್ನು ಎರಡೂ ಕಡೆಯವರು ತಮ್ಮವೆಂದೇ ಬಳಸುತ್ತಾರೆ. ಹೀಗಾಗಿ ಕಂಬದ ಮೇಲಿನ ಪಟ್ಟುಗಳಿಗೆ ಹೆಸರು ಹೇಗೆ ಬೀಳುತ್ತದೆ, ಒಂದೇ ಪಟ್ಟಿಗೆ ಹಲವು ಹೆಸರುಗಳಾದರೆ ಏನಾಗುತ್ತದೆ ಎಂದು ನೋಡಲು ಈ ಸೀಮೆ ತಕ್ಕ ನೆಲೆ. ಇಂದು ಮೊಬೈಲಿನಲ್ಲಿ ಕಂಬದ ಕಸರತ್ತು ಹುಡುಕುವವರಿಗೆ ಮಲ್ಲಕಂಬದ ಜೊತೆಗೆ ಪೋಲ್ ಡ್ಯಾನ್ಸ್ ಪಾಠಗಳೂ ಎದುರಾಗುತ್ತವೆ. ಅವುಗಳ ಹೆಸರಿನ ಗೊಂದಲವೂ ಅವುಗಳೊಡನೆಯೇ ಬರುತ್ತದೆ.

ಕಂಬ ಹತ್ತುವುದು ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ‘ಮಾನಸೋಲ್ಲಾಸ’ದಲ್ಲಿ ಮಲ್ಲರ ದಿನಚರಿಯನ್ನು ಹೇಳುವ ಭಾಗವಿದೆ. ಭಾರ ಎತ್ತುವುದು, ಈಜುವುದು ಮೊದಲಾದ ಸಾಧನೆಗಳ ಸಾಲಿನಲ್ಲಿಯೇ ಸ್ತಂಭಶ್ರಮವೂ, ಎಂದರೆ ಕಂಬದ ಸಾಧನೆಯೂ, ಬರುತ್ತದೆ. ಅವನ ರಾಜಧಾನಿ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಭೀಮಾ–ಸೀನಾ ನದಿಗಳು ಕೂಡುವ ಸೊಲ್ಲಾಪುರ ಸೀಮೆ ಅದೇ ರಾಜ್ಯಕ್ಕೆ ಸೇರಿದ್ದು. ಆದರೆ ಇಂದು ಬಳಕೆಯಲ್ಲಿರುವ ಪಟ್ಟುಗಳ ಹೆಸರುಗಳು ಆ ಗ್ರಂಥದಿಂದ ಬಂದವಲ್ಲ. ಪೇಶ್ವೆ ಎರಡನೆಯ ಬಾಜೀರಾಯನ ಆಶ್ರಯದಲ್ಲಿದ್ದ ಬಾಳಂಭಟ್ಟ ದಾದಾ ದೇವಧರರ ಶಿಷ್ಯಪರಂಪರೆಯೇ ಮಲ್ಲಕಂಬವನ್ನು ಮತ್ತೆ ಬೆಳೆಸಿತು ಎಂಬುದು ಮಹಾರಾಷ್ಟ್ರದ ವ್ಯಾಯಾಮಶಾಲೆಗಳು ಹೇಳಿಕೊಂಡು ಬಂದ ಚರಿತ್ರೆ. ಆ ಪರಂಪರೆಯ ಮಾತು ಮರಾಠಿ. ಬಡೋದೆಯಿಂದ ದ. ಚಿ. ಮಜುಮದಾರರು ಸಂಪಾದಿಸಿ ಹೊರತಂದ ‘ವ್ಯಾಯಾಮ ಜ್ಞಾನಕೋಶ’ದಂಥ ಗ್ರಂಥಗಳು ಆ ಹೆಸರುಗಳನ್ನು ಅಚ್ಚಿನಲ್ಲಿ ನೆಲೆಗೊಳಿಸಿದವು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರದಂಥ ಮಲ್ಲಕಂಬದ ಊರುಗಳ ಚರಿತ್ರೆ ಬರೆಯುವವರು ಈ ಮರಾಠಿ ಋಣವನ್ನು ಬಿಟ್ಟು ಬರೆಯಲಾಗದು.

ಆ ಹೆಸರುಗಳನ್ನು ಹತ್ತಿರದಿಂದ ನೋಡೋಣ. ಅಢೀ, ತೇಢೀ, ಬಗಲೀ, ದಸರಂಗ, ಸುಯಿದೋರಾ, ವೇಲ, ಉತರತೀ. ಕೈಯಿಂದ ಕಂಬ ತಬ್ಬಿ, ಸೊಂಟ ಮೇಲೆತ್ತಿ ತಲೆಕೆಳಗಾಗಿ, ಕಾಲ ಮೇಲೆ ಕಾಲು ಹೆಣೆದು ತೊಡೆಯಿಂದ ಬಿಗಿಯುವುದು ಅಢೀ. ಕಾಲು ಹೆಣೆಯುವುದಕ್ಕೇ ಮರಾಠಿಯಲ್ಲಿ ಆ ಹೆಸರು. ಬಗಲೀ ಎಂದರೆ ಬಗಲಲ್ಲಿ ಕಂಬ ಸಿಕ್ಕಿಸಿಕೊಳ್ಳುವುದು, ಕನ್ನಡದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಯಿದೋರಾದಲ್ಲಿ ಕೈಗೂ ಕಂಬಕ್ಕೂ ನಡುವಿನ ಸಂದಿಯಲ್ಲಿ ಮೈ ತೂರಬೇಕು, ಸೂಜಿಯ ಕಣ್ಣಿನಲ್ಲಿ ದಾರ ತೂರಿದ ಹಾಗೆ. ವೇಲದಲ್ಲಿ ಮೈ ಬಳ್ಳಿಯಾಗಿ ಸುತ್ತಿ ಮೇಲೇರುತ್ತದೆ. ಎಲ್ಲ ಹೆಸರೂ ಇಷ್ಟು ತಿಳಿಯಾಗಿಲ್ಲ. ದಸರಂಗ ಎಂದು ಕೇಳಿದೊಡನೆ ಹಿಡಿತ ಹೊಳೆಯದು. ಆದರೂ ಬಹುಪಾಲು ಹೆಸರುಗಳು ಹೇಳುವುದು ಎರಡರಲ್ಲಿ ಒಂದನ್ನು: ಮೈಯ ಯಾವ ಭಾಗ ಕಂಬವನ್ನು ಹಿಡಿದಿದೆ, ಇಲ್ಲವೇ ಮೈ ಯಾವ ದಾರಿಯಲ್ಲಿ ಚಲಿಸುತ್ತದೆ.

ಪೋಲ್ ಡ್ಯಾನ್ಸ್ ಪಾಠಗಳಲ್ಲಿ ಪ್ರಚಾರದಲ್ಲಿರುವ ಹೆಸರುಗಳ ಬಗೆ ಬೇರೆ. ಬಟರ್‌ಫ್ಲೈ, ಸೂಪರ್‌ಮ್ಯಾನ್, ಆಯೇಶಾ, ಜೆಮಿನಿ, ಸ್ಕಾರ್ಪಿಯೋ: ಇವು ನೋಡುವವನ ಕಣ್ಣಿಗೆ ಕಂಡ ಆಕಾರದ ಹೆಸರುಗಳು, ಇಲ್ಲವೇ ಬರಿಯ ಗುರುತಿನ ಹೆಸರುಗಳು. ಕೊನೆಯ ಎರಡನ್ನು ನಾನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಎರಡರಲ್ಲೂ ತಲೆ ಕೆಳಗೆ, ಒಂದೇ ಮೊಣಕಾಲಿನ ಮಡಿಕೆಯಲ್ಲಿ ಮೈಭಾರ. ಕಂಬಕ್ಕೆ ಹತ್ತಿರದ ಕಾಲು ಕೊಕ್ಕೆಯಾದರೆ ಸ್ಕಾರ್ಪಿಯೋ, ದೂರದ ಕಾಲಾದರೆ ಜೆಮಿನಿ ಎಂಬುದು ಹೆಚ್ಚು ರೂಢಿ. ಕೆಲವು ಶಾಲೆಗಳಲ್ಲಿ ಇದು ಅದಲುಬದಲಾಗಿದೆ. ಇನ್ನು ಕೆಲವರು ರಾಶಿಯ ಹೆಸರನ್ನೇ ಬಿಟ್ಟು ‘ಇನ್‌ಸೈಡ್ ಲೆಗ್ ಹ್ಯಾಂಗ್’, ‘ಔಟ್‌ಸೈಡ್ ಲೆಗ್ ಹ್ಯಾಂಗ್’ ಎನ್ನುತ್ತಾರೆ. ಯಾವ ಕಾಲು ಕೊಕ್ಕೆ ಎಂಬುದರ ಮೇಲೆ ಸೊಂಟ ತಿರುಗುವ ದಿಕ್ಕು, ಕಂಬ ಒತ್ತುವ ಪಕ್ಕೆ, ಮೊದಲು ಬಿಡಬೇಕಾದ ಕೈ ಎಲ್ಲವೂ ನಿಂತಿವೆ. ಒಂದು ಪಾಠದಲ್ಲಿ ಹೆಸರು ಕಲಿತು ಇನ್ನೊಂದು ಪಾಠದ ಕರೆಗೆ ಮೈ ತಿರುಗಿಸಿದವಳು ಬಿಡಬಾರದ ಕೈಯನ್ನು ಬಿಡುತ್ತಾಳೆ. ಇಲ್ಲಿ ಹೆಸರಿನ ಪ್ರಶ್ನೆ ಕುತ್ತಿಗೆಯ ಪ್ರಶ್ನೆಯೇ ಆಗಿದೆ.

ಇದಕ್ಕೆ ಕ್ಯಾಮೆರಾ ತನ್ನ ಪಾಲನ್ನೂ ಸೇರಿಸುತ್ತದೆ. ಫೋನಿನ ಮುಂದಿನ ಕ್ಯಾಮೆರಾದಲ್ಲಿ ಹಿಡಿದ ಚಿತ್ರ ಎಷ್ಟೋ ಸಲ ಕನ್ನಡಿಯಂತೆ ತಿರುಗಿರುತ್ತದೆ; ಹೇಳುವ ಎಡಗಾಲು ತೆರೆಯಲ್ಲಿ ಬಲಗಾಲಾಗಿ ಕಾಣುತ್ತದೆ. ಎಡ–ಬಲ ಕೈಕೊಟ್ಟರೂ ಕಂಬದಿಂದ ಹತ್ತಿರದ್ದು, ದೂರದ್ದು ಎಂಬ ಗುರುತು ಕೆಡುವುದಿಲ್ಲ.

ಹೆಸರುಗಳು ಬೇರೆಬೇರೆಯಾಗುವುದು ಹಿಂದಿನಿಂದಲೂ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ, ಹಗ್ಗ ಹಿಡಿದು ಮಾಡುವವೂ ಅವುಗಳಲ್ಲಿವೆ, ಅಲ್ಲಿಯ ಕೆಲವು ಹೆಸರುಗಳು ಇಂದಿನ ಯೋಗಶಾಲೆಗಳಲ್ಲಿ ಬೇರೆ ಆಸನಗಳಿಗೆ ಸಲ್ಲುತ್ತಿವೆ. ಅದರಿಂದ ಯಾರಿಗೂ ಕೇಡಾಗಿಲ್ಲ, ಏಕೆಂದರೆ ಕಲಿಸುವವರು ಎದುರಿಗೇ ಇದ್ದರು. ತಾಲೀಮಿನಲ್ಲಿ ವಸ್ತಾದ ‘ಬಗಲೀ’ ಎಂದು ಕೂಗುವಾಗ ಅವನ ಒಂದು ಕೈ ಹುಡುಗನ ಬೆನ್ನಿನ ಕೆಳಗಿರುತ್ತದೆ. ಹೆಸರು ತಪ್ಪಿದರೂ ಕೈ ತಿದ್ದುತ್ತದೆ. ಆನ್‌ಲೈನ್ ಪಾಠದಲ್ಲಿ ಆ ಕೈ ಇಲ್ಲ. ಕೈ ಮಾಡುತ್ತಿದ್ದ ಕೆಲಸವೂ ಹೆಸರಿನ ಪಾಲಿಗೆ ಬರುತ್ತದೆ. ಆದ್ದರಿಂದ ಹಿಂದೆ ನಿರಪಾಯವಾಗಿದ್ದ ಹೆಸರಿನ ಭಿನ್ನತೆ ಈಗ ಅಪಾಯದ್ದಾಗಿದೆ ಎಂಬುದು ನನ್ನ ವಾದ.

2009ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಪೋಲ್ ಸ್ಪೋರ್ಟ್ಸ್ ಒಕ್ಕೂಟದ ನಿಯಮಾವಳಿ ಈ ವಾದಕ್ಕೆ ಬಲ ಕೊಡುತ್ತದೆ. ಅಲ್ಲಿ ಪ್ರತಿ ಪಟ್ಟಿಗೂ ಒಂದು ಸಂಕೇತಸಂಖ್ಯೆ ಇದೆ, ಜೊತೆಗೆ ಮೈಯ ಯಾವ ಯಾವ ಭಾಗ ಕಂಬಕ್ಕೆ ತಾಗಿರಬೇಕು ಎಂಬ ಪಟ್ಟಿಯೂ ಇದೆ. ತೀರ್ಪುಗಾರರಿಗೆ ಆಕಾರದ ಹೆಸರು ಸಾಲದೆ ಹೋಗಿ ಹಿಡಿತವನ್ನೇ ಬರೆದಿಡಬೇಕಾಯಿತು. ತಾಲೀಮಿನ ಹೆಸರುಗಳು ಬಹುಕಾಲದಿಂದ ಮಾಡುತ್ತ ಬಂದದ್ದೂ ಇದನ್ನೇ.

ಹಾಗೆಂದು ಮಲ್ಲಕಂಬದ ಹೆಸರುಗಳನ್ನು ಪೋಲ್ ಡ್ಯಾನ್ಸಿಗೆ ಹಾಗೆಯೇ ಹಚ್ಚುವುದು ತಪ್ಪಾದೀತು. ಸ್ಪರ್ಧೆಯ ಲೋಹದ ಕಂಬದ ವ್ಯಾಸ 45 ಮಿಲಿಮೀಟರ್. ಅಂಗೈ ಅದನ್ನು ಸುತ್ತುವರಿಯುತ್ತದೆ, ಬರಿಯ ಚರ್ಮ ಅದಕ್ಕೆ ಅಂಟುತ್ತದೆ, ಕೆಲವು ಕಂಬಗಳು ತಿರುಗಲೂ ತಿರುಗುತ್ತವೆ. ಮಲ್ಲಕಂಬ ಸಾಗುವಾನಿ ಇಲ್ಲವೇ ಶೀಶಮ್ ಮರದ್ದು. ಬುಡ ದಪ್ಪ, ಮೇಲಕ್ಕೆ ಹೋದಂತೆ ಸಣ್ಣ, ತುದಿಯಲ್ಲಿ ಕುತ್ತಿಗೆ, ಅದರ ಮೇಲೊಂದು ಗುಂಡು. ಉಜ್ಜಿ ಚರ್ಮ ಕೀಳದಂತೆ ಔಡಲೆಣ್ಣೆ ಹಚ್ಚುತ್ತಾರೆ. ಅಂಗೈ ಸುತ್ತದಷ್ಟು ದಪ್ಪ ಇರುವಲ್ಲಿ ತೋಳು, ತೊಡೆ, ಬಗಲುಗಳೇ ಹಿಡಿಯಬೇಕು. ಹುಡುಗಿಯರು ಹೆಚ್ಚಾಗಿ ಕಲಿತ ಹಗ್ಗದ ಮಲ್ಲಕಂಬದಲ್ಲಿ ಹಿಡಿತ ಕಾಲಿನ ಹೆಬ್ಬೆರಳಿನ ಸಂದಿಯಿಂದ ಶುರುವಾಗುತ್ತದೆ. ಮೂರು ಕಡೆ ಒಂದೇ ಆಕಾರ ಕಂಡರೂ ಭಾರ ಬೀಳುವ ಜಾಗ ಮೂರು.

ಕನ್ನಡದಲ್ಲಿ ಪಾಠ ಮಾಡುವವರು ಹೆಸರು ಕಟ್ಟುವಾಗ ಹಿಡಿಯುವ ಅಂಗ, ಕಂಬಕ್ಕೆ ಅದರ ದೂರ–ಹತ್ತಿರ, ಕಂಬದ ಬಗೆ ಎಂಬ ಮೂರನ್ನು ಹೇಳಿದರೆ ಸಾಕು: ‘ಲೋಹದ ಕಂಬದ ಹತ್ತಿರಗಾಲ ಕೊಕ್ಕೆ’, ‘ಲೋಹದ ಕಂಬದ ದೂರಗಾಲ ಕೊಕ್ಕೆ’. ಬಗಲೀ, ಅಢೀಗಳನ್ನು ಕನ್ನಡಕ್ಕೆ ತಿರುಗಿಸುವ ಅಗತ್ಯ ನನಗೆ ಕಾಣುವುದಿಲ್ಲ. ಗಡಿನಾಡಿನ ನಾಲಿಗೆಗೆ ಅವು ಹೊಂದಿಕೊಂಡ ಮಾತುಗಳೇ. ತುರ್ತಾಗಿ ಬೇಕಾದದ್ದು ಇಳಿಯುವುದಕ್ಕೆ ಹೆಸರು. ಮಲ್ಲಕಂಬದಲ್ಲಿ ‘ಉತರತೀ’ ಎಂದು ಇಳಿತಗಳದ್ದೇ ಒಂದು ವರ್ಗವಿದೆ, ಹತ್ತಿದಷ್ಟೇ ಶಿಸ್ತಿನಿಂದ ಅವನ್ನು ಕಲಿಸುತ್ತಾರೆ. ಆನ್‌ಲೈನ್ ಪಾಠಗಳ ಶೀರ್ಷಿಕೆಯಲ್ಲಿ ಇರುವುದು ಸಾಮಾನ್ಯವಾಗಿ ಭಂಗಿಯ ಹೆಸರೊಂದೇ. ಅದರಿಂದ ಹೊರಬರುವ ದಾರಿ ಪಾಠದ ಒಳಗೆ ಎಲ್ಲೋ ಸೇರಿಹೋಗಿರುತ್ತದೆ. ಕನ್ನಡದ ಪಾಠದ ಶೀರ್ಷಿಕೆಯಲ್ಲಿ ಏರುವ ಪಟ್ಟಿನ ಪಕ್ಕದಲ್ಲೇ ಅದರ ಇಳಿತದ ಹೆಸರೂ ಇರಬೇಕು.