ತಲೆಗೆ ಎರಡು ಶೆಕೆಲ್: ನೈಲ್ ದ್ವೀಪದ ಚಂದಾ ಪಟ್ಟಿ

ಬೈಬಲ್ ಕಾಲದ ಪುರಾತತ್ವ ಅಂದ ಕೂಡಲೇ ನಮಗೆ ನೆನಪಾಗೋದು ರಾಜರ ಶಾಸನ, ಕೋಟೆ, ಗುಹೆಯಲ್ಲಿ ಸಿಕ್ಕ ಸುರುಳಿಗಳು. ನಾನು ಬಿ.ಕಾಂ. ಓದಿದವನು. ನನ್ನ ಕಣ್ಣು ನಿಂತಿದ್ದು ಒಂದು ಚಂದಾ ಪಟ್ಟಿ ಮೇಲೆ.

ಜಾಗ, ಈಜಿಪ್ಟಿನ ಆಸ್ವಾನ್ ಹತ್ತಿರ ನೈಲ್ ನದಿಯಲ್ಲಿರೋ ಎಲಿಫೆಂಟೈನ್ ದ್ವೀಪ. ಕ್ರಿ.ಪೂ. 5ನೇ ಶತಮಾನದಲ್ಲಿ ಈಜಿಪ್ಟನ್ನು ಆಳುತ್ತಿದ್ದವರು ಪರ್ಷಿಯನ್ನರು. ಅವರ ಪರವಾಗಿ ಗಡಿ ಕಾಯೋ ಯೆಹೂದಿ ಸೈನಿಕರು ಸಂಸಾರ ಸಮೇತ ಇಲ್ಲಿ ನೆಲೆಸಿದ್ದರು. 1906ರಿಂದ 1908ರ ನಡುವೆ ಜರ್ಮನ್ನರು ಇಲ್ಲಿ ಅಗೆದಾಗ ಅವರ ಪಪೈರಸ್ ಪತ್ರಗಳು ಸಿಕ್ಕವು. ಭಾಷೆ ಅರಾಮಿಕ್.

ಈ ಪಟ್ಟಿ ಆ ಶತಮಾನದ ಕೊನೆಯ ಹೊತ್ತಿನದು. ಶೀರ್ಷಿಕೆ ಸರಳ: ಯಾಹು ದೇವರಿಗೆ ಬೆಳ್ಳಿ ಕೊಟ್ಟವರ ಹೆಸರುಗಳು, ತಲೆಗೆ 2 ಶೆಕೆಲ್. ಕನ್ನಡ ಬೈಬಲಿನಲ್ಲಿ ಯೆಹೋವ ಅಂತ ಓದ್ತೀವಲ್ಲ, ಅದೇ ದೇವರು. ಕೊಟ್ಟವರಲ್ಲಿ ಹೆಂಗಸರ ಹೆಸರೂ ಬೇಕಾದಷ್ಟಿವೆ. ಹಣ ಸೇರಿದ್ದು ಸಮುದಾಯದ ಮುಖಂಡ ಯೆದನ್ಯನ ಕೈಗೆ. ಒಟ್ಟು 318 ಶೆಕೆಲ್.

ಈಗ ಖರ್ಚಿನ ಕಡೆ ನೋಡಿ. ಯಾಹುವಿಗೆ 126, ಎಶೆಂಬೆತೇಲ್‌ಗೆ 70, ಅನಾತ್‌ಬೆತೇಲ್‌ಗೆ 120. ಕೂಡಿದರೆ 316. ಎರಡು ಶೆಕೆಲ್ ತಾಳೆಯಾಗಲ್ಲ, ಅಂದ್ರೆ ಸರಿಯಾಗಿ ಒಬ್ಬರ ಚಂದಾ! ಆದರೆ ದೊಡ್ಡ ಪ್ರಶ್ನೆ ಬೇರೆ. ಒಬ್ಬ ದೇವರ ಹೆಸರಲ್ಲಿ ಎತ್ತಿದ ಹಣ ಮೂವರಿಗೆ ಯಾಕೆ ಹಂಚಿಹೋಯ್ತು? ಉಳಿದಿಬ್ಬರು ಪಕ್ಕದ ಅರಾಮಿಯರ ದೇವರು, ಹಣವೂ ಅವರದೇ ಅನ್ನೋ ವಿದ್ವಾಂಸರಿದ್ದಾರೆ. ಈ ಯೆಹೂದಿಗಳೇ ಮೂವರನ್ನೂ ಪೂಜಿಸುತ್ತಿದ್ದರು ಅನ್ನೋರೂ ಇದ್ದಾರೆ.

ಇನ್ನೊಂದು ಸಂಗತಿಯಲ್ಲಿ ಮಾತ್ರ ಅನುಮಾನವಿಲ್ಲ. ಬಲಿ ಕೊಡಬೇಕಾದ್ದು ದೇವರು ಆರಿಸಿದ ಒಂದೇ ಸ್ಥಳದಲ್ಲಿ ಅನ್ನುತ್ತೆ ಧರ್ಮೋಪದೇಶಕಾಂಡ. ಆ ಸ್ಥಳ ಯೆರೂಸಲೇಮ್ ಅಂತ ಸಂಪ್ರದಾಯ. ಇವರಿಗೋ ದ್ವೀಪದಲ್ಲೇ ಯಾಹುವಿನ ದೇವಾಲಯವಿತ್ತು, ಅಲ್ಲಿ ಪ್ರಾಣಿಬಲಿಯೂ ನಡೀತಿತ್ತು. ಕ್ರಿ.ಪೂ. 410ರಲ್ಲಿ ಪಕ್ಕದ ಖ್ನುಮ್ ದೇವರ ಪೂಜಾರಿಗಳು ಪರ್ಷಿಯನ್ ಅಧಿಕಾರಿಯನ್ನು ಒಲಿಸಿಕೊಂಡು ಅದನ್ನು ಕೆಡವಿಸಿದರು.

ಇವರು ಗೋಣಿತಟ್ಟು ಉಟ್ಟು ಉಪವಾಸ ಕೂತರು. ಯೆರೂಸಲೇಮಿನ ಮಹಾಯಾಜಕನಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಕ್ರಿ.ಪೂ. 407ರಲ್ಲಿ ಯೆಹೂದದ ರಾಜ್ಯಪಾಲ ಬಾಗೋಹಿಗೆ ಬರೆದರು. ಸಮಾರ್ಯದವರಿಗೂ ವಿಷಯ ತಿಳಿಸಿದರು. ಕೊನೆಗೆ ಎರಡೂ ಕಡೆಯಿಂದ ಒಪ್ಪಿಗೆ ಬಂತು: ಕಟ್ಟಿಕೊಳ್ಳಿ, ಧಾನ್ಯನೈವೇದ್ಯ, ಧೂಪ ಅರ್ಪಿಸಿ. ಪ್ರಾಣಿಬಲಿಯ ಮಾತೇ ಅದರಲ್ಲಿಲ್ಲ.

ನನಗೆ ಅನ್ನಿಸೋದು ಇಷ್ಟು. ತಾವು ನಿಯಮ ಮುರೀತಿದ್ದೀವಿ ಅಂತ ಇವರಿಗೆ ಅನ್ನಿಸಿದ್ದಿದ್ರೆ ಮಹಾಯಾಜಕನಿಗೇ ಬರೆದು ಸಹಾಯ ಕೇಳ್ತಿರಲಿಲ್ಲ. ಒಬ್ಬನೇ ದೇವರು, ಒಂದೇ ಆಲಯ ಅನ್ನೋದು ಎಲ್ಲ ಯೆಹೂದಿಗಳಿಗೂ ಒಂದೇ ದಿನ ಬಂದ ನಂಬಿಕೆ ಅಲ್ಲ. ಗ್ರಂಥ ಓದಿದರೆ ಧರ್ಮ ಏನು ಹೇಳುತ್ತೆ ಅಂತ ಗೊತ್ತಾಗುತ್ತೆ. ಜನ ಏನು ಮಾಡ್ತಿದ್ರು ಅಂತ ತಿಳೀಬೇಕಾದ್ರೆ ಅವರ ಲೆಕ್ಕದ ಹಾಳೆಯನ್ನೂ ತೆಗೀಬೇಕು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.