ಮೈಲಾರದ ಬಿಲ್ಲು, ಮಿಯೆಸಿಯ ಬೆಟ್ಟ

ನಾವು ಹೂವಿನಹಡಗಲಿ ಕಡೆಯವರಿಗೆ ಎತ್ತರದಿಂದ ಬೀಳೋದನ್ನ ನೋಡಿ ಅಭ್ಯಾಸ ಐತಿ. ಮೈಲಾರ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ, 'ಸದ್ದಲೇ' ಅಂತ ಕೂಗಿ, ಕಾರ್ಣಿಕ ನುಡಿದು ಮೇಲಿಂದ ಹಾಗೇ ಬೀಳ್ತಾರೆ. ಕೆಳಗೆ ನಿಂತವರು ಹಿಡೀತಾರೆ. ಸಣ್ಣವನಿದ್ದಾಗ ಎಲ್ಲರೂ ಮೇಲೆ ನೋಡ್ತಿದ್ದರೆ ನಾನು ಆ ಕೈಗಳನ್ನೇ ನೋಡ್ತಿದ್ದೆ.

ಕಳೆದ ತಿಂಗಳು ನಮ್ಮ ದೊಡ್ಡಪ್ಪನ ಮಗ ಫೋನ್ ಮಾಡಿದ. "ತಮ್ಮಾ, ಹಿಮಾಚಲದ ಬೀರ್‌ಗೆ ಹೊಂಟೀನಿ. ಪ್ಯಾರಾಗ್ಲೈಡಿಂಗ್ ಬುಕ್ ಮಾಡೀನಿ."

"ರಿಸರ್ವ್ ಪ್ಯಾರಾಚೂಟ್ ಐತೇನು ಅಂತ ಕೇಳಿದ್ಯಾ ಅಣ್ಣಾ?"

"ಅದೇನಲೇ ಅದು?"

ಈ ಎಪಿಸೋಡ್ ಹುಟ್ಟಿದ್ದು ಅಲ್ಲಿ.

1978ರ ಜೂನ್. ಫ್ರಾನ್ಸಿನ ಮಿಯೆಸಿ ಅನ್ನೋ ಹಳ್ಳಿ. ಪ್ರತಿ ಸಲ ವಿಮಾನದಿಂದ ಜಿಗಿಯೋದು ದುಬಾರಿ ಅಂತ ಬೆಟೆಂಪ್ಸ್, ಬೋನ್, ಬೊಸ್ಸಾನ್ ಎಂಬ ಮೂವರು ಪ್ಯಾರಾಚೂಟ್ ಕಟ್ಟಿಕೊಂಡು ಬೆಟ್ಟದ ಇಳಿಜಾರಿನಲ್ಲೇ ಓಡಿ ಹಾರಿದರು. ಖರ್ಚು ಉಳಿಸೋಕೆ ಹುಟ್ಟಿದ ಆಟ! ಬಿ.ಕಾಂ. ಓದಿದ ನನಗೆ ಇದು ಬಹಳ ಹಿಡಿಸಿತು.

ಆದರೆ ಆ ಬಟ್ಟೆಗೆ ಗಟ್ಟಿ ಚೌಕಟ್ಟಿಲ್ಲ. ಮುಂದಿನ ಬಾಯಿಗಳಿಂದ ಗಾಳಿ ತುಂಬಿದರಷ್ಟೇ ಅದು ರೆಕ್ಕೆ. ಬೇಸಿಗೆ ಮಧ್ಯಾಹ್ನ ನಮ್ಮ ಎರೆಹೊಲದ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಲ್ಲ, ಅಂಥದ್ದೇ ಬಿಸಿಗಾಳಿ ಇದನ್ನೂ ಎತ್ತುತ್ತೆ. ಜೋರಾದರೆ ಅದೇ ಗಾಳಿ ರೆಕ್ಕೆಯ ಒಂದು ಪಕ್ಕವನ್ನ ಮಡಚಿಬಿಡುತ್ತೆ. ಎತ್ತರದಲ್ಲಿದ್ದರೆ ಸರಿಮಾಡಿಕೊಳ್ಳೋಕೆ ಸಮಯ ಸಿಗುತ್ತೆ, ನೆಲದ ಹತ್ತಿರ ಸಿಗಲ್ಲ. ಹಾಗಾಗಿ ಏಳುವಾಗ, ಇಳಿಯುವಾಗಲೇ ಗಾಯ ಹೆಚ್ಚು: ಪಾದದ ಕೀಲು, ಕಾಲು, ಬೆನ್ನುಮೂಳೆ. ಕೂತ ಭಂಗಿಯಲ್ಲೇ ಬಿದ್ದರೆ ಪೆಟ್ಟೆಲ್ಲ ಬೆನ್ನಿಗೆ. ಸೀಟಿನಡಿ ಫೋಮ್ ಅಥವಾ ಗಾಳಿಚೀಲ ಇಡೋದು ಅದಕ್ಕೇ.

ಹಿಮಾಚಲದಲ್ಲಿ ಹೀಗೆ ಹಾರಲು ಹೋಗಿ ನಮ್ಮ ಬೆಂಗಳೂರಿನ 12 ವರ್ಷದ ಹುಡುಗನೊಬ್ಬ ತೀರಿಕೊಂಡ. 2022ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟ್, ಉಪಕರಣಗಳ ತಪಾಸಣೆ ಆಗೋವರೆಗೂ ಹಾರಾಟ ನಿಲ್ಲಿಸಿ ಅಂತು. ಏರೋ ಸ್ಪೋರ್ಟ್ಸ್ ನಿಯಮಗಳು ಆ ರಾಜ್ಯದಲ್ಲಿ 2004ರಿಂದಲೇ ಇದ್ದವು. ತಿಜೋರಿ ಖಾಲಿಯಾದ ಮೇಲೆ ಆಡಿಟ್ ಅಂದರೆ ಇದೇ.

ಅಣ್ಣ ಬುಕಿಂಗ್ ಏಜೆಂಟನಿಗೆ ಮೂರು ಮಾತು ಕೇಳಿದ. ಪೈಲಟ್ ಲೈಸೆನ್ಸ್ ತೋರಿಸ್ತೀರಾ? ರಿಸರ್ವ್ ಬಿಚ್ಚಿ ಮತ್ತೆ ಮಡಚಿದ್ದು ಯಾವಾಗ? ಗಾಳಿ ಸರಿಯಿಲ್ಲ ಅಂದರೆ ದುಡ್ಡು ವಾಪಸ್ಸಾ? ಮೊದಲೆರಡಕ್ಕೆ 'ನೋ ಟೆನ್ಷನ್ ಸಾರ್' ಅಂದನಂತೆ. ಮೂರನೆಯದಕ್ಕೆ 'ಇಲ್ಲ'.

"ದುಡ್ಡು ಕೊಡಲ್ಲ ಅಂದ್ರ, ಗಾಳಿ ಕೆಟ್ಟರೂ ಹಾರಸ್ತಾನ ಅಂತಾತಲ್ಲೋ," ಅಂದ ಅಣ್ಣ. ಈಗ ಬೇರೆಯವರನ್ನ ಹುಡುಕ್ತಿದ್ದಾನೆ.