ಒಂದು ಸ್ಟೇಡಿಯಂ, ಇಪ್ಪತ್ತೆಂಟು ವರ್ಷದ ಜಗಳ

ಆಗಸ್ಟ್ 24. ಈ ತಾರೀಖನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. 1892ರ ಆಗಸ್ಟ್ 24ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಗುಡಿಸನ್ ಪಾರ್ಕ್ ಎಂಬ ಫುಟ್‌ಬಾಲ್ ಮೈದಾನದ ಉದ್ಘಾಟನೆ ಆಯ್ತು. ಸರಿಯಾಗಿ 133 ವರ್ಷ ಕಳೆದು, 2025ರ ಆಗಸ್ಟ್ 24ರಂದು, ಅದೇ ಕ್ಲಬ್ಬು ಅದೇ ನಗರದ ಮರ್ಸಿ ನದಿಯ ದಡದಲ್ಲಿ ಕಟ್ಟಿದ ಹೊಸ ಸ್ಟೇಡಿಯಂನಲ್ಲಿ ಮೊದಲ ಲೀಗ್ ಪಂದ್ಯ ಆಡಿ ಗೆದ್ದಿತು. ಕ್ಲಬ್ಬಿನ ಹೆಸರು ಎವರ್ಟನ್. ಕೇಳೋಕೆ ಎಷ್ಟು ಚೆಂದದ ಕಥೆ, ಅಲ್ವಾ? ಹಳೇ ಮನೆ ಬಿಟ್ಟರು, ಹೊಸ ಮನೆಗೆ ಹೋದರು, ಹಾಲು ಉಕ್ಕಿಸಿದರು.

ಆದರೆ ಈ ಮನೆ ಬದಲಾಯಿಸೋಕೆ ಅವರು ತೆಗೆದುಕೊಂಡ ಸಮಯ ಎಷ್ಟು ಗೊತ್ತಾ? ಇಪ್ಪತ್ತೆಂಟು ವರ್ಷ. ಮಧ್ಯೆ ಮುರಿದುಬಿದ್ದ ಯೋಜನೆಗಳು ಒಂದಲ್ಲ ಎರಡಲ್ಲ. ಅಪ್ಪ ಒಂದು ಕಡೆ, ಮಗ ಇನ್ನೊಂದು ಕಡೆ. ಒಂದೇ ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ಕೂತು ಪಂದ್ಯ ನೋಡುವವರೇ ಎರಡು ಬಣ. ಇಷ್ಟೆಲ್ಲ ಜಗಳ ಯಾಕೆ? ಒಂದು ಸ್ಟೇಡಿಯಂಗಾ? ಹೌದು, ಸ್ಟೇಡಿಯಂಗೇ. ಆ ಜಗಳ ನಡೆದಿರದಿದ್ದರೆ ಇವತ್ತು ನದಿ ದಡದಲ್ಲಿ ನಿಂತಿರೋ ಕಟ್ಟಡ ಇರುತ್ತಿರಲಿಲ್ಲ ಅನ್ನೋದು ನನ್ನ ವಾದ.

ಮೊದಲಿಂದ ನೋಡೋಣ. ಎವರ್ಟನ್ ಕ್ಲಬ್ ಶುರುವಾಗಿದ್ದು 1878ರಲ್ಲಿ, ಒಂದು ಚರ್ಚಿನ ತಂಡವಾಗಿ. 1884ರಿಂದ ಅವರು ಆಡುತ್ತಿದ್ದ ಮೈದಾನ ಯಾವುದು ಗೊತ್ತಾ? ಆನ್‌ಫೀಲ್ಡ್! ಇವತ್ತು ಲಿವರ್‌ಪೂಲ್ ಎಫ್‌ಸಿಯ ಆನ್‌ಫೀಲ್ಡ್ ಅಂತ ಜಗತ್ತೇ ಹೇಳೋ ಜಾಗ ಮೊದಲು ಎವರ್ಟನ್‌ನ ಮನೆ. ಅಲ್ಲಿ ಜಾನ್ ಹೌಲ್ಡಿಂಗ್ ಅಂತ ಒಬ್ಬರು. ಬಿಯರ್ ತಯಾರಿಸುವ ಉದ್ಯಮಿ, ರಾಜಕಾರಣಿ, ಮೈದಾನದ ಯಜಮಾನ, ಕ್ಲಬ್ಬಿನ ಅಧ್ಯಕ್ಷ, ಎಲ್ಲವೂ ಅವರೇ. 100 ಪೌಂಡ್ ಇದ್ದ ಬಾಡಿಗೆ ಕೆಲವೇ ವರ್ಷಗಳಲ್ಲಿ 250 ಪೌಂಡ್ ಆಯ್ತು. ಸದಸ್ಯರು ತಿರುಗಿಬಿದ್ದರು. 1892ರಲ್ಲಿ ಜಾರ್ಜ್ ಮಾಹನ್ ಎಂಬ ಸದಸ್ಯರ ಮುಂದಾಳತ್ವದಲ್ಲಿ ಕ್ಲಬ್ಬು ಗಂಟುಮೂಟೆ ಕಟ್ಟಿಕೊಂಡು, ಸ್ಟ್ಯಾನ್ಲಿ ಪಾರ್ಕ್ ಎಂಬ ಉದ್ಯಾನದ ಆಚೆ ಬದಿಗೆ ಹೋಯಿತು. ಅಲ್ಲಿ ಕಟ್ಟಿದ್ದೇ ಗುಡಿಸನ್. ಇತ್ತ ಹೌಲ್ಡಿಂಗ್ ಅವರ ಕೈಯಲ್ಲಿ ಮೈದಾನ ಉಳಿಯಿತು, ತಂಡ ಇಲ್ಲ. ಏನು ಮಾಡಿದರು? ಹೊಸ ತಂಡವನ್ನೇ ಕಟ್ಟಿದರು. ಅದೇ ಲಿವರ್‌ಪೂಲ್ ಎಫ್‌ಸಿ.

ಅಂದರೆ, ಫುಟ್‌ಬಾಲ್ ಜಗತ್ತಿನ ಅತಿ ದೊಡ್ಡ ನೆರೆಹೊರೆ ವೈರಗಳಲ್ಲಿ ಒಂದು ಹುಟ್ಟಿದ್ದೇ ಬಾಡಿಗೆ ತಕರಾರಿನಿಂದ. ಎವರ್ಟನ್ ಅಭಿಮಾನಿಗೆ ಮೈದಾನದ ಪ್ರಶ್ನೆ ಅಂದರೆ ರಕ್ತದಲ್ಲೇ ಬಂದ ಪ್ರಶ್ನೆ. ಅದು ಕ್ಲಬ್ಬಿನ ಜಾತಕದಲ್ಲೇ ಬರೆದಿದೆ.

ಗುಡಿಸನ್. ನಮ್ಮ ಕಿವಿಗೆ ಹೆಸರಲ್ಲೇ ಗುಡಿ ಕೇಳಿಸುತ್ತೆ. ಅಲ್ಲಿನವರಿಗೆ ಅದು ಗುಡಿಯೇ ಆಗಿತ್ತು. ಮೈದಾನದ ಒಂದು ಮೂಲೆಯಲ್ಲಿ, ಎರಡು ಸ್ಟ್ಯಾಂಡ್‌ಗಳ ನಡುವೆ, ನಿಜವಾದ ಚರ್ಚೇ ಇದೆ, ಸೇಂಟ್ ಲ್ಯೂಕ್ಸ್. 1927-28ರ ಒಂದೇ ಲೀಗ್ ಋತುವಿನಲ್ಲಿ 60 ಗೋಲು ಹೊಡೆದ ಡಿಕ್ಸಿ ಡೀನ್ ಅಲ್ಲಿಯ ಹೀರೋ. 1980ರಲ್ಲಿ ಅದೇ ಮೈದಾನದಲ್ಲಿ ಲಿವರ್‌ಪೂಲ್ ವಿರುದ್ಧದ ಪಂದ್ಯ ನೋಡುತ್ತಿದ್ದಾಗಲೇ ಅವರು ತೀರಿಕೊಂಡರು. 1966ರ ವಿಶ್ವಕಪ್‌ನ ಸೆಮಿಫೈನಲ್ ನಡೆದದ್ದು ಇಲ್ಲಿ. ಉತ್ತರ ಕೊರಿಯಾ ಎದುರು 3 ಗೋಲು ಹಿಂದೆ ಬಿದ್ದಿದ್ದ ಪೋರ್ಚುಗಲ್ 5-3ರಿಂದ ಗೆದ್ದ ಆ ಹುಚ್ಚು ಪಂದ್ಯವೂ ಇಲ್ಲೇ. ಎಲ್ಲಕ್ಕಿಂತ ಹೆಚ್ಚಾಗಿ ಇನ್ನೊಂದು ಮಾತು ಕೇಳಿ. ಸುಮಾರು 800 ಅಭಿಮಾನಿಗಳ ಚಿತಾಭಸ್ಮ ಆ ಮೈದಾನದ ಅಂಚಿನಲ್ಲಿ ಮಣ್ಣಾಗಿದೆ. ಇನ್ನು ಜಾಗವಿಲ್ಲ ಅಂತ 2004ರಲ್ಲಿ ಕ್ಲಬ್ಬು ಆ ಪದ್ಧತಿ ನಿಲ್ಲಿಸಬೇಕಾಯ್ತು. ಅಪ್ಪನ ಬೂದಿ ಇರುವ ಜಾಗ ಬಿಟ್ಟು ಬನ್ನಿ ಅಂದರೆ ಯಾರು ತಕ್ಷಣ ಎದ್ದು ಬರ್ತಾರೆ?

ಹಾಗಾದರೆ ಬಿಡಬೇಕಾಗಿ ಬಂದಿದ್ದಾದರೂ ಯಾಕೆ? ಇಲ್ಲಿ ಎರಡು ಕಾರಣ. ಒಂದು, 1989ರ ಹಿಲ್ಸ್‌ಬರೋ ದುರಂತ. ಶೆಫೀಲ್ಡ್ ನಗರದ ಆ ಸ್ಟೇಡಿಯಂನಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲ್ ಎಫ್‌ಸಿಯ 97 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಆಮೇಲೆ ಬಂದ ಟೇಲರ್ ವರದಿ ಇಂಗ್ಲೆಂಡಿನ ಮೈದಾನಗಳ ಚಿತ್ರವನ್ನೇ ಬದಲಿಸಿತು. ನಿಂತು ನೋಡುವ ಜಾಗ ಹೋಗಿ, ಮೇಲಿನ ಹಂತದ ಕ್ಲಬ್ಬುಗಳಲ್ಲಿ ಪ್ರತಿಯೊಬ್ಬರಿಗೂ ಕುರ್ಚಿ ಬಂತು. 1948ರಲ್ಲಿ 78,299 ಜನ ತುಂಬಿದ್ದ ಗುಡಿಸನ್ ಈಗ 40 ಸಾವಿರಕ್ಕಿಂತ ಕಡಿಮೆಗೆ ಇಳಿಯಿತು.

ಇನ್ನೊಂದು ಕಾರಣ ಕಟ್ಟಡದ್ದು. ಇಂಜಿನಿಯರಿಂಗ್ ಓದಿದವನಾದ್ದರಿಂದ ಇದನ್ನ ಹೇಳದೆ ಮುಂದೆ ಹೋಗಲಾರೆ. ಆರ್ಚಿಬಾಲ್ಡ್ ಲೀಚ್ ಕಟ್ಟಿದಂಥ ಹಳೆಯ ಸ್ಟ್ಯಾಂಡ್‌ಗಳಲ್ಲಿ ಮೇಲ್ಛಾವಣಿಯ ಭಾರವನ್ನ ಹೊರೋದು ಪ್ರೇಕ್ಷಕರ ನಡುವೆ ನಿಂತ ಕಂಬಗಳು. ನೀವು ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದೀರಿ, ಆದರೆ ಗೋಲ್‌ಪೋಸ್ಟ್ ಮುಂದೆ ಒಂದು ಕಂಬ! ಇವತ್ತಿನ ಸ್ಟೇಡಿಯಂಗಳಲ್ಲಿ ಛಾವಣಿಯನ್ನ ಹಿಂದಿನಿಂದ ಹಿಡಿದು ಮುಂದಕ್ಕೆ ಚಾಚುತ್ತಾರೆ, ಮಧ್ಯೆ ಕಂಬ ಇರಲ್ಲ. ಗುಡಿಸನ್‌ನ ನಾಲ್ಕೂ ಕಡೆ ರಸ್ತೆ, ಮನೆ, ಶಾಲೆ, ಚರ್ಚು. ಅಗಲ ಮಾಡೋಕೆ ಜಾಗ ಎಲ್ಲಿದೆ?

1997ರಲ್ಲಿ ಆಗಿನ ಅಧ್ಯಕ್ಷ ಪೀಟರ್ ಜಾನ್ಸನ್, 60 ಸಾವಿರ ಆಸನದ ಹೊಸ ಸ್ಟೇಡಿಯಂಗೆ ಹೋಗೋಣ ಅಂದರು. ಅಲ್ಲಿಂದ ಶುರು. ಹೋಗೋಣ ಎನ್ನುವವರು ಒಂದು ಕಡೆ, ಗುಡಿಸನ್ನನ್ನೇ ಹಿಗ್ಗಿಸೋಣ ಎನ್ನುವವರು ಇನ್ನೊಂದು ಕಡೆ. ಆ ಯೋಜನೆ ಕಾಗದದಲ್ಲೇ ಉಳಿಯಿತು. ಮುಂದೆ ಬಂದಿದ್ದು ಕಿಂಗ್ಸ್ ಡಾಕ್. ಡಾಕ್ ಅಂದರೆ ಹಡಗು ನಿಲ್ಲಿಸೋಕೆ ಕಲ್ಲಿನ ಗೋಡೆ ಕಟ್ಟಿ ಮಾಡಿದ ನೀರಿನ ಅಂಗಳ. ನಗರದ ನಟ್ಟನಡುವೆ, ನದಿ ದಡದಲ್ಲಿ, 55 ಸಾವಿರ ಆಸನ. ಅಭಿಮಾನಿಗಳು ಕನಸು ಕಂಡರು. ಕ್ಲಬ್ಬು ತನ್ನ ಪಾಲಿಗೆ ಹೊಂದಿಸಬೇಕಿದ್ದದ್ದು 3 ಕೋಟಿ ಪೌಂಡ್. ಹೊಂದಿಸೋಕೆ ಆಗಲಿಲ್ಲ. 2003ರಲ್ಲಿ ಯೋಜನೆ ಸತ್ತಿತು. ಇವತ್ತು ಆ ಜಾಗದಲ್ಲಿ ಸಂಗೀತ ಕಾರ್ಯಕ್ರಮ ನಡೆಯೋ ಅರೀನಾ ಇದೆ.

ಈಗ ಬರೋದು ಕಥೆಯ ನಿಜವಾದ ತಿರುವು. 2006ರಲ್ಲಿ ಕ್ಲಬ್ಬು ಹೊಸ ಯೋಜನೆ ಹಿಡಿದು ಬಂತು: ಕರ್ಕ್‌ಬಿ. ನಗರದ ಗಡಿಯಾಚೆ, ನೋಸ್ಲಿ ಎಂಬ ಪಕ್ಕದ ಆಡಳಿತಕ್ಕೆ ಸೇರಿದ ಊರು. ಜೊತೆಗೆ ನಿಂತಿದ್ದು ಟೆಸ್ಕೋ, ಸೂಪರ್‌ಮಾರ್ಕೆಟ್ ದೈತ್ಯ. ದೊಡ್ಡ ಅಂಗಡಿ ಸಮುಚ್ಚಯ, ಅದರ ಪಕ್ಕದಲ್ಲಿ 50 ಸಾವಿರದಷ್ಟು ಆಸನದ ಸ್ಟೇಡಿಯಂ. ಕ್ಲಬ್ಬಿಗೆ ತೀರಾ ಕಡಿಮೆ ಖರ್ಚಿನಲ್ಲಿ ಹೊಸ ಮನೆ ಸಿಗುತ್ತೆ ಎನ್ನೋದು ಆಡಳಿತದ ವಾದ.

ವಿರೋಧ ಎದ್ದಿತು. ‘ಎವರ್ಟನ್ ನಮ್ಮ ನಗರದಲ್ಲೇ ಇರಲಿ’ ಎಂಬ ಹೆಸರಿನಲ್ಲೇ ಅಭಿಮಾನಿಗಳ ಸಂಘಟನೆ ಹುಟ್ಟಿತು. ನಗರ ಬಿಟ್ಟು ಹೋದರೆ ಲಿವರ್‌ಪೂಲ್ ಅನ್ನೋ ಊರನ್ನೇ ಎದುರಾಳಿಗೆ ಬರೆದುಕೊಟ್ಟ ಹಾಗೆ ಅಂದರು. ಪಂದ್ಯ ಮುಗಿದ ಮೇಲೆ ಇಷ್ಟು ಸಾವಿರ ಜನ ಮನೆಗೆ ಹೋಗೋದು ಹೇಗೆ, ರೈಲು ಎಲ್ಲಿದೆ, ಬಸ್ ಎಲ್ಲಿದೆ ಅಂತ ಕೇಳಿದರು. ಆಚೆ ಬಣದ ಮಾತೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಎವರ್ಟನ್ ಅನ್ನೋದೇ ಒಂದು ಬಡಾವಣೆಯ ಹೆಸರು, ಗುಡಿಸನ್ ಇರೋದು ಆ ಬಡಾವಣೆಯಲ್ಲೂ ಅಲ್ಲ, ವಾಲ್ಟನ್‌ನಲ್ಲಿ. ಕರ್ಕ್‌ಬಿಯಲ್ಲಿ ಇರೋರು ಯಾರು? ಎರಡನೇ ಮಹಾಯುದ್ಧದ ನಂತರ ಇದೇ ಲಿವರ್‌ಪೂಲ್‌ನಿಂದ ಹೋಗಿ ನೆಲೆಸಿದ ನಮ್ಮವರೇ. ಹಾಗಿದ್ದಾಗ ಭೂಪಟದ ಮೇಲಿನ ಗೆರೆಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ಕ್ಲಬ್ಬಿನ ಹತ್ತಿರ ದುಡ್ಡಿಲ್ಲ. ಸಿಕ್ಕಿದ್ದನ್ನ ಬಿಟ್ಟರೆ ಮತ್ತೆ ಸಿಗುತ್ತಾ?

2007ರ ಆಗಸ್ಟ್‌ನಲ್ಲಿ ಮತದಾನ ಆಯ್ತು. ಸುಮಾರು 15 ಸಾವಿರ ಮತ ‘ಹೌದು’. 10 ಸಾವಿರಕ್ಕೂ ಹೆಚ್ಚು ಮತ ‘ಬೇಡ’. ಶೇಕಡಾ 59ರ ಬಹುಮತ. ಪ್ರಜಾಪ್ರಭುತ್ವದ ಲೆಕ್ಕದಲ್ಲಿ ವಿಷಯ ಮುಗೀತು, ಅಲ್ವಾ?

ಮುಗೀಲಿಲ್ಲ. ಯಾಕಂದರೆ ಮತಪತ್ರದಲ್ಲಿ ಇದ್ದದ್ದು ಒಂದೇ ಯೋಜನೆ. ಬೇರೆ ದಾರಿ ಇಲ್ಲ ಎನ್ನುವ ಧಾಟಿಯಲ್ಲಿ ಕೇಳಿದ ಪ್ರಶ್ನೆಗೆ ಬಂದ ಉತ್ತರ ಅದು. ಹಸಿದವನ ಮುಂದೆ ಒಂದೇ ತಟ್ಟೆ ಇಟ್ಟು ‘ತಿಂತೀಯಾ, ಬಿಡ್ತೀಯಾ’ ಅಂತ ಕೇಳಿದರೆ ಅವನು ಏನು ಹೇಳ್ತಾನೆ? ತಿಂತೀನಿ ಅಂತಾನೆ. ಅದು ಅವನ ಆಯ್ಕೆ ಅಲ್ಲ, ಅವನ ಅನಿವಾರ್ಯತೆ. ಸೋತ ಆ 10 ಸಾವಿರ ಜನರ ಬಣ ಮನೆಗೆ ಹೋಗಿ ಮಲಗಲಿಲ್ಲ. ಸಾರ್ವಜನಿಕ ವಿಚಾರಣೆ ನಡೆದಾಗ ಅಲ್ಲಿ ದಾಖಲೆ ಹಿಡಿದು ನಿಂತರು. ಅಕ್ಕಪಕ್ಕದ ಊರುಗಳ ಆಡಳಿತಗಳೂ ವಿರೋಧಿಸಿದವು. ಇಷ್ಟು ದೊಡ್ಡ ಅಂಗಡಿ ಸಮುಚ್ಚಯ ಬಂದರೆ ನಮ್ಮ ಪೇಟೆಗಳು ಬಾಗಿಲು ಹಾಕ್ತವೆ ಅಂದವು. 2009ರ ನವೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಯೋಜನೆಯನ್ನ ತಿರಸ್ಕರಿಸಿತು. ಗಮನಿಸಿ, ತಿರಸ್ಕಾರಕ್ಕೆ ಮುಖ್ಯ ಕಾರಣ ಅಭಿಮಾನಿಗಳ ಭಾವನೆ ಅಲ್ಲ, ಅಂಗಡಿಗಳ ಗಾತ್ರ. ಆದರೆ ಇದು ಬರೀ ಫುಟ್‌ಬಾಲ್ ಯೋಜನೆ ಅಲ್ಲ, ಅಂಗಡಿ ಯೋಜನೆಯ ಬೆನ್ನೇರಿ ಬಂದ ಸ್ಟೇಡಿಯಂ ಅಂತ ಆ ಬಣ ಮೊದಲಿನಿಂದಲೂ ಹೇಳುತ್ತಿತ್ತು.

ಆಮೇಲೆ ಮತ್ತೊಂದು ಯೋಜನೆ. ಗುಡಿಸನ್ ಹತ್ತಿರದ ವಾಲ್ಟನ್ ಹಾಲ್ ಪಾರ್ಕ್. ಅದೂ 2016ರಲ್ಲಿ ಕೈಬಿಟ್ಟುಹೋಯಿತು. ಅದೇ ವರ್ಷ ಫರ್ಹಾದ್ ಮೋಷಿರಿ ಕ್ಲಬ್ಬಿನಲ್ಲಿ ಪಾಲು ಖರೀದಿಸಿದರು. 2017ರಲ್ಲಿ ಆಯ್ಕೆಯಾದದ್ದು ಬ್ರ್ಯಾಮ್ಲಿ-ಮೂರ್ ಡಾಕ್. 1848ರಲ್ಲಿ ಜೆಸ್ಸಿ ಹಾರ್ಟ್ಲಿ ಎಂಬ ಇಂಜಿನಿಯರ್ ಕಟ್ಟಿದ ಹಡಗುಕಟ್ಟೆ. ಮತ್ತೆ ನದಿ ದಡ. ಮತ್ತೆ ನಗರದೊಳಗೆ.

ಈ ಸಲ ಕೇಳಿದ ರೀತಿಯೇ ಬೇರೆ. ನಕ್ಷೆ ಪೂರ್ತಿಯಾಗುವ ಮೊದಲೇ ಜನರ ಮುಂದೆ ಹೋದರು. 2018ರ ಮೊದಲ ಸುತ್ತಿನಲ್ಲಿ 20 ಸಾವಿರಕ್ಕೂ ಹೆಚ್ಚು ಜನ ಉತ್ತರಿಸಿದರು, 2019ರ ಎರಡನೇ ಸುತ್ತಿನಲ್ಲಿ 43 ಸಾವಿರಕ್ಕೂ ಹೆಚ್ಚು. ‘ಹೌದಾ, ಅಲ್ಲವಾ’ ಅಂತ ಅಷ್ಟೇ ಕೇಳಲಿಲ್ಲ. ಹೇಗಿರಬೇಕು ಅಂತ ಕೇಳಿದರು. ಗುಡಿಸನ್‌ನಲ್ಲಿ ಇದ್ದ ಹಾಗೆ ಆಟಗಾರನ ಉಸಿರು ಕೇಳುವಷ್ಟು ಹತ್ತಿರ ಇರಬೇಕು ಎನ್ನೋದು ಅಭಿಮಾನಿಗಳ ದೊಡ್ಡ ಆಸೆ. ಪರಿಣಾಮ ನೋಡಿ. ದಕ್ಷಿಣ ತುದಿಯಲ್ಲಿ ಸುಮಾರು 13 ಸಾವಿರ ಜನ ಕೂರುವ ಒಂದೇ ಸ್ಟ್ಯಾಂಡ್, ಗೋಡೆಯ ಹಾಗೆ ಕಡಿದಾಗಿ ಏರುತ್ತೆ. ಇದರಲ್ಲಿ ಒಂದು ಸರಳ ಗಣಿತ ಇದೆ. ನಿಮ್ಮ ಕಣ್ಣಿನಿಂದ ಮೈದಾನದ ಅಂಚಿಗೆ ಒಂದು ಗೆರೆ ಎಳೆಯಿರಿ. ಮುಂದೆ ಕೂತವನ ಕಣ್ಣಿಗಿಂತ ಆ ಗೆರೆ ಎಷ್ಟು ಮಿಲಿಮೀಟರ್ ಮೇಲೆ ಹಾದುಹೋಗುತ್ತೆ ಅನ್ನೋದೇ ಲೆಕ್ಕ. ಮೈದಾನಕ್ಕೆ ಹತ್ತಿರ ಬಂದಷ್ಟೂ ಮೆಟ್ಟಿಲು ಕಡಿದಾಗಬೇಕು, ಇಲ್ಲದಿದ್ದರೆ ಮುಂದಿನವನ ತಲೆಯೇ ಕಾಣೋದು. ಲೀಚ್ ತನ್ನ ಸ್ಟ್ಯಾಂಡ್‌ಗಳ ಮುಂಭಾಗದಲ್ಲಿ ಬಳಸುತ್ತಿದ್ದ ಅಡ್ಡಗೆರೆಗಳ ಜಾಲರಿ ವಿನ್ಯಾಸವನ್ನೂ ಹೊಸ ಸ್ಟೇಡಿಯಂನ ಇಟ್ಟಿಗೆ ಗೋಡೆಯಲ್ಲಿ ಉಳಿಸಿಕೊಂಡರು.

ಎಲ್ಲರಿಗೂ ಖುಷಿಯಾಯ್ತಾ? ಇಲ್ಲ. ಡಾಕ್ ತುಂಬಿಸೋಕೆ ಸಮುದ್ರದ ತಳದಿಂದ ಸುಮಾರು 4.8 ಲಕ್ಷ ಘನ ಮೀಟರ್ ಮರಳು ತಂದರು. ಪಾರಂಪರಿಕ ಕಟ್ಟಡಗಳ ಪರ ಇರುವವರು ವಿರೋಧಿಸಿದರು. 2021ರ ಜುಲೈನಲ್ಲಿ ಯುನೆಸ್ಕೋ ಲಿವರ್‌ಪೂಲನ್ನ ವಿಶ್ವ ಪರಂಪರೆಯ ಪಟ್ಟಿಯಿಂದಲೇ ತೆಗೆದುಹಾಕಿತು. ನದಿ ದಡದ ಹೊಸ ಕಟ್ಟಡಗಳು ಮತ್ತು ಈ ಸ್ಟೇಡಿಯಂ ಅದಕ್ಕೆ ಕಾರಣ. ಖರ್ಚು 75 ಕೋಟಿ ಪೌಂಡ್ ದಾಟಿತು. 2023ರಲ್ಲಿ ಕಾಮಗಾರಿ ಜಾಗದಲ್ಲಿ ಒಬ್ಬ ಕಾರ್ಮಿಕ ಜೀವ ಕಳೆದುಕೊಂಡರು. ಖರ್ಚಿನ ನಿಯಮ ಮೀರಿದ್ದಕ್ಕೆ 2023-24ರಲ್ಲಿ ಕ್ಲಬ್ಬಿನ ಒಟ್ಟು 8 ಅಂಕ ಕಡಿತವಾಯ್ತು. ಮಾಲೀಕರೂ ಬದಲಾದರು. ಹೊಸ ಮನೆಗೆ ಕೊಟ್ಟ ಬೆಲೆ ಕಡಿಮೆ ಏನಲ್ಲ.

2025ರ ಮೇ 18ರಂದು ಪುರುಷರ ತಂಡ ಗುಡಿಸನ್‌ನಲ್ಲಿ ಕೊನೆಯ ಪಂದ್ಯ ಆಡಿತು. ಎರಡೂ ಗೋಲು ಹೊಡೆದದ್ದು ಇಲಿಮಾನ್ ಎನ್‌ಡಿಯಾಯೆ. ಆಗಸ್ಟ್ 24ರಂದು ಹೊಸ ಸ್ಟೇಡಿಯಂನ ಮೊದಲ ಲೀಗ್ ಗೋಲು ಹೊಡೆದದ್ದೂ ಅವರೇ. ಕೆಡವಬೇಕು ಅಂತಿದ್ದ ಗುಡಿಸನ್? ಅದು ಉಳಿಯಿತು. ಈಗ ಅಲ್ಲಿ ಎವರ್ಟನ್ ಮಹಿಳಾ ತಂಡ ಆಡುತ್ತೆ.

ಇದನ್ನೆಲ್ಲ ಕನ್ನಡದ ವೀಕ್ಷಕರಿಗೆ ಯಾಕೆ ಹೇಳ್ತಿದ್ದೀನಿ? 2025ರ ಜೂನ್ 4ನ್ನ ನಾವು ಮರೆತಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಅಭಿಮಾನಿಗಳು ಸತ್ತರು. ಆಮೇಲೆ ಊರ ಹೊರಗೆ, ಬೊಮ್ಮಸಂದ್ರದ ಕಡೆ, 80 ಸಾವಿರ ಆಸನದ ಹೊಸ ಕ್ರೀಡಾಂಗಣದ ಮಾತು ಬಂತು. ಬೇಕೋ ಬೇಡವೋ ಅನ್ನೋದು ಬೇರೆ ಚರ್ಚೆ. ನನ್ನ ಪ್ರಶ್ನೆ ಇಷ್ಟೇ: ಗೇಟು ಎಲ್ಲಿರಬೇಕು, ಮೆಟ್ರೋ ಎಷ್ಟು ದೂರ, ಪಂದ್ಯ ಮುಗಿದ ಮೇಲೆ ಮನೆಗೆ ಹೋಗೋದು ಹೇಗೆ ಅಂತ ಗ್ಯಾಲರಿಯಲ್ಲಿ ಕೂರೋ ಮನುಷ್ಯನನ್ನ ಯಾರು ಕೇಳ್ತಾರೆ?

ಎವರ್ಟನ್ ಕಥೆ ನಮಗೆ ಹೇಳೋದು ಅಭಿಮಾನಿ ಯಾವಾಗಲೂ ಸರಿ ಅಂತ ಅಲ್ಲ. 2007ರಲ್ಲಿ ಬಹುಮತ ಬೇರೆಯದನ್ನೇ ಹೇಳಿತ್ತು. ಅದು ಹೇಳೋದು, ಒಂದು ಯೋಜನೆ ಇಟ್ಟು ಮತ ಕೇಳೋದಕ್ಕೂ, ಖಾಲಿ ಹಾಳೆ ಇಟ್ಟು ಮಾತು ಕೇಳೋದಕ್ಕೂ ಅಜಗಜಾಂತರ ವ್ಯತ್ಯಾಸ ಇದೆ ಅಂತ. ಮತ ಕೇಳಿದಾಗ ಸಿಕ್ಕಿದ್ದು ತಿರಸ್ಕೃತ ಕಡತ. ಮಾತು ಕೇಳಿದಾಗ ಸಿಕ್ಕಿದ್ದು ಸ್ಟೇಡಿಯಂ. ನಮ್ಮಲ್ಲಿ ನಕ್ಷೆ ಬಿಡಿಸೋರು ಪೆನ್ಸಿಲ್ ಹಿಡಿಯೋ ಮೊದಲು ಇದನ್ನೊಂದು ಸಲ ಓದಿಕೊಳ್ಳಲಿ.